ಇರುಳಿನ ಲೆಕ್ಕ

ದಿನಚರಿ ಬರೆಯುವವರು ಸಾಮಾನ್ಯವಾಗಿ ಹಗಲಿನ ಸಂಗತಿಗಳನ್ನು ಬರೆದಿಡುತ್ತಾರೆ: ಕಂಡವರ ಹೆಸರು, ನಡೆದ ದಾರಿ, ಮಾಡಿದ ಖರ್ಚು. ಲೆನರ್ಡ್ ವುಲ್ಫ್ ಎಂಬ ಇಂಗ್ಲಿಷ್ ಗೃಹಸ್ಥನ ದಿನಚರಿಯಲ್ಲಿ ಇವುಗಳ ಜೊತೆಗೆ ಮತ್ತೊಂದು ಬಾಬು ಇತ್ತು. ಹೆಂಡತಿಗೆ ಹಿಂದಿನ ರಾತ್ರಿ ನಿದ್ದೆ ಹೇಗೆ ಬಂತು, ಔಷಧ ಬೇಕಾಯಿತೆ, ತಲೆನೋವು ಇತ್ತೆ ಎಂಬುದನ್ನು ಆತ ತಪ್ಪದೆ ಗುರುತು ಹಾಕಿಕೊಳ್ಳುತ್ತಿದ್ದನು. ಆಕೆಯ ಕಾಯಿಲೆ ತೀವ್ರವಾಗಿದ್ದ 1913ರ ಸುಮಾರಿನಲ್ಲಿ, ಅನ್ಯರ ಕಣ್ಣಿಗೆ ಬಿದ್ದರೂ ಅರ್ಥವಾಗದಿರಲೆಂದು, ಸಿಂಹಳ ಮತ್ತು ತಮಿಳು ಅಕ್ಷರಗಳನ್ನು ಬೆರೆಸಿ ತಾನೇ ರಚಿಸಿಕೊಂಡ ಗೂಢಲಿಪಿಯಲ್ಲಿ ಈ ಲೆಕ್ಕವನ್ನು ಬರೆದನು. 1904ರಿಂದ 1911ರವರೆಗೆ ಸಿಂಹಳದಲ್ಲಿ ಸರ್ಕಾರಿ ಅಧಿಕಾರಿಯಾಗಿದ್ದಾಗ ಕಲಿತ ಲಿಪಿಗಳು ಅವು. ಪೂರ್ವದೇಶದಿಂದ ಒಯ್ದ ಅಕ್ಷರಗಳು ಇಂಗ್ಲೆಂಡಿನ ಒಂದು ಮನೆಯ ಅತ್ಯಂತ ಖಾಸಗಿಯಾದ ನೋವನ್ನು ಕಾಪಾಡಿದುವು.

ಆ ಹೆಂಡತಿ ವರ್ಜೀನಿಯ ವುಲ್ಫ್. ಇಂಗ್ಲಿಷ್ ಕಾದಂಬರಿಯ ದಿಕ್ಕನ್ನೇ ಬದಲಿಸಿದವರಲ್ಲಿ ಒಬ್ಬಳು. ಪ್ರಜ್ಞಾಪ್ರವಾಹವೆಂಬ ತಂತ್ರವನ್ನು ಕುರಿತು ನಮ್ಮ ಕಾಲೇಜುಗಳಲ್ಲಿ ಪಾಠ ನಡೆದಾಗಲೆಲ್ಲ ಆಕೆಯ ಹೆಸರು ಬಂದೇ ಬರುತ್ತದೆ. ಆದರೆ ಪ್ರವಾಹವು ದಡ ಮೀರದಂತೆ ಆಕೆ ಬದುಕಿನುದ್ದಕ್ಕೂ ಕಟ್ಟಿಕೊಳ್ಳಬೇಕಾಗಿ ಬಂದ ಒಡ್ಡಿನ ಕಥೆ ಅಷ್ಟಾಗಿ ತಿಳಿದಿಲ್ಲ. ಆ ಒಡ್ಡಿನ ಹೆಸರು ನಿದ್ದೆ.

ವರ್ಜೀನಿಯ 1882ರ ಜನವರಿ 25ರಂದು ಲಂಡನ್ನಿನಲ್ಲಿ ಜನಿಸಿದಳು. ತಂದೆ ಲೆಸ್ಲಿ ಸ್ಟೀಫನ್ ಹೆಸರಾಂತ ವಿದ್ವಾಂಸ. ಬ್ರಿಟಿಷ್ ರಾಷ್ಟ್ರೀಯ ಜೀವನಚರಿತ್ರೆ ಕೋಶದ ಮೊದಲ ಸಂಪಾದಕ. ಗಂಡುಮಕ್ಕಳು ವಿಶ್ವವಿದ್ಯಾನಿಲಯಕ್ಕೆ ಹೋದರು. ಮಗಳು ತಂದೆಯ ಗ್ರಂಥಭಂಡಾರದಲ್ಲಿ ಓದಿ ಬೆಳೆದಳು. ಹದಿಮೂರನೆಯ ವಯಸ್ಸಿನಲ್ಲಿ, 1895ರಲ್ಲಿ, ತಾಯಿ ಜೂಲಿಯ ತೀರಿಕೊಂಡಳು. ಅದೇ ವರ್ಷ ಮಗಳ ಮನಸ್ಸು ಮೊದಲ ಬಾರಿಗೆ ಕದಡಿತು. ಎರಡು ವರ್ಷಗಳಲ್ಲಿ ತಾಯಿಯ ಸ್ಥಾನದಲ್ಲಿ ನಿಂತಿದ್ದ ಮಲಅಕ್ಕ ಸ್ಟೆಲ್ಲಾ ಹೋದಳು. 1904ರ ಫೆಬ್ರವರಿಯಲ್ಲಿ ತಂದೆ ಹೋದನು. ಮೂರು ತಿಂಗಳಲ್ಲಿ ಎರಡನೆಯ ಆಘಾತ ಬಂತು. ಹಕ್ಕಿಗಳು ಗ್ರೀಕ್ ಭಾಷೆಯಲ್ಲಿ ಹಾಡುತ್ತಿವೆಯೆಂದೂ ಪೊದೆಗಳ ಮರೆಯಲ್ಲಿ ದೊರೆ ಎಡ್ವರ್ಡ್ ಬೈಗುಳಗಳನ್ನು ನುಡಿಯುತ್ತಿರುವನೆಂದೂ ಆಕೆಗೆ ಕೇಳಿಸಿತು. ಒಮ್ಮೆ ಪ್ರಾಣ ಕಳೆದುಕೊಳ್ಳಲೂ ಯತ್ನಿಸಿದಳು. ಆಗ ಆಕೆಗೆ ಇಪ್ಪತ್ತೆರಡು ವಯಸ್ಸು.

ಅಂದಿನ ವೈದ್ಯರ ಬಳಿ ಇದಕ್ಕೆ ಒಂದು ಹೆಸರಿತ್ತು, ನರದೌರ್ಬಲ್ಯ. ಒಂದು ಚಿಕಿತ್ಸೆಯೂ ಇತ್ತು, ವಿಶ್ರಾಂತಿ. ಸೈಲಸ್ ವೇರ್ ಮಿಚೆಲ್ ಎಂಬ ಅಮೆರಿಕದ ವೈದ್ಯನು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪ್ರಚಾರಕ್ಕೆ ತಂದ ಪದ್ಧತಿಯದು. ರೋಗಿಯನ್ನು ಮನೆಮಂದಿಯಿಂದ ಬೇರ್ಪಡಿಸುವುದು, ಹಾಸಿಗೆಯಲ್ಲಿ ಮಲಗಿಸುವುದು, ಹಾಲು ಕುಡಿಸಿ ತೂಕ ಹೆಚ್ಚಿಸುವುದು, ಓದುಬರಹವನ್ನು ನಿಲ್ಲಿಸುವುದು. ವರ್ಜೀನಿಯಳನ್ನು ನೋಡುತ್ತಿದ್ದ ಜಾರ್ಜ್ ಸ್ಯಾವೇಜ್ ಎಂಬ ಪ್ರಸಿದ್ಧ ವೈದ್ಯನು ಇದೇ ದಾರಿಯವನು. 1910ರಲ್ಲಿ ಆಕೆಯನ್ನು ಲಂಡನ್ನಿನ ಹೊರವಲಯದ ಟ್ವಿಕನ್‌ಹ್ಯಾಮ್‌ನ ಒಂದು ಖಾಸಗಿ ಶುಶ್ರೂಷಾಗೃಹಕ್ಕೆ ಕಳುಹಿಸಲಾಯಿತು. ಬರೆಯುವುದೇ ಉಸಿರಾಗಿದ್ದವಳಿಗೆ ಲೇಖನಿಯಿಲ್ಲದ ಆ ವಾರಗಳು ಸೆರೆವಾಸದಂತೆ ತೋರಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

1912ರ ಆಗಸ್ಟ್ 10ರಂದು ಆಕೆ ಲೆನರ್ಡನನ್ನು ಮದುವೆಯಾದಳು. ಮರುವರ್ಷ ಮೊದಲ ಕಾದಂಬರಿಯ ಹಸ್ತಪ್ರತಿ ಪ್ರಕಾಶಕರ ಕೈಸೇರಿತು. ಪುಸ್ತಕ ಮುಗಿಯುವ ಹೊತ್ತು ಆಕೆಗೆ ಅಪಾಯದ ಹೊತ್ತು. ತಲೆನೋವು, ನಿದ್ರಾಹೀನತೆ, ಅನ್ನದ್ವೇಷ ಒಂದರ ಹಿಂದೊಂದು ಬಂದುವು. 1913ರ ಸೆಪ್ಟೆಂಬರಿನಲ್ಲಿ ಆಕೆ ಪ್ರಾಣಾಪಾಯವಾಗುವಷ್ಟು ಔಷಧ ಸೇವಿಸಿದಳು. ಆಪ್ತನಾಗಿದ್ದ ಜೆಫ್ರಿ ಕೇನ್ಸ್ ಎಂಬ ತರುಣ ಶಸ್ತ್ರವೈದ್ಯನ ಚುರುಕುತನದಿಂದ ಜೀವ ಉಳಿಯಿತು. ಆಕೆ ಸೇವಿಸಿದುದು ನಿದ್ದೆಗೆಂದು ವೈದ್ಯರು ಕೊಟ್ಟಿದ್ದ ಔಷಧವನ್ನೇ. ಅಂದಿನ ವೈದ್ಯಶಾಸ್ತ್ರಕ್ಕೆ ನಿದ್ದೆಯ ಬೆಲೆ ತಿಳಿದಿತ್ತು. ಅದನ್ನು ಅಪಾಯವಿಲ್ಲದೆ ತಂದುಕೊಡುವ ಉಪಾಯ ತಿಳಿದಿರಲಿಲ್ಲ.

ಅತಿ ಘೋರವಾದ ಉನ್ಮಾದ ಬಂದುದು 1915ರಲ್ಲಿ. ಒಂದು ಹಂತದಲ್ಲಿ ಆಕೆ ಎರಡು ಮೂರು ದಿನ ಎಡೆಬಿಡದೆ ಮಾತನಾಡಿದಳು. ಎದುರಿಗೆ ಯಾರಿದ್ದಾರೆಂಬ ಪರಿವೆಯಿರಲಿಲ್ಲ. ಮೊದಲ ದಿನದ ಮಾತಿಗೆ ಅರ್ಥವಿತ್ತು. ಬರಬರುತ್ತ ವಾಕ್ಯಗಳು ಬಿಚ್ಚಿಕೊಂಡು ಬಿಡಿಬಿಡಿ ಶಬ್ದಗಳ ರಾಶಿಯಾದುವು. ಕೊನೆಗೆ ಆಕೆ ಎಚ್ಚರ ತಪ್ಪಿದಳು. ದಾದಿಯರ ಕಾವಲಿನಲ್ಲಿ ತಿಂಗಳುಗಳು ಕಳೆದುವು. ಪ್ರಾಣಕ್ಕಿಂತ ಹೆಚ್ಚಾಗಿದ್ದ ಗಂಡನ ಮುಖವನ್ನೂ ಕೆಲಕಾಲ ನೋಡಲೊಲ್ಲದೆ ಹೋದಳು. ಅದೇ ವರ್ಷದ ಮಾರ್ಚಿಯಲ್ಲಿ ಮೊದಲ ಕಾದಂಬರಿ ಪ್ರಕಟವಾಯಿತು. ವರ್ಷದ ಕೊನೆಗೆ ಮನಸ್ಸು ತಿಳಿಯಾಯಿತು.

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ಕೇಳಿ ಬೆಳೆದ ನಾವು ನಿದ್ದೆಗೇಡಿಗೆ ಚಿಂತೆಯೇ ಮೂಲವೆಂದು ತಿಳಿಯುತ್ತೇವೆ. ಉನ್ಮಾದದ ನಿದ್ದೆಗೇಡಿನ ಬಗೆಯೇ ಬೇರೆ. ಚಿಂತೆಯಿಂದ ಎಚ್ಚರವಾಗಿರುವವನು ನಿದ್ದೆಗಾಗಿ ಹಂಬಲಿಸುತ್ತಾನೆ, ಬೆಳಗಾದಾಗ ಬಳಲಿರುತ್ತಾನೆ. ಉನ್ಮಾದ ಏರುತ್ತಿರುವವನಿಗೆ ನಿದ್ದೆ ಬೇಕೆಂಬ ಭಾವವೇ ಇರುವುದಿಲ್ಲ. ಎರಡು ಗಂಟೆ ಕಣ್ಣು ಮುಚ್ಚಿ ಎದ್ದರೂ ಮೈತುಂಬ ಕಸುವು, ತಲೆತುಂಬ ಹೊಳಹುಗಳು. ಕಳೆದುಕೊಂಡುದು ಸಂಪತ್ತೆಂದು ತಿಳಿಯದವನು ಅದನ್ನು ಹುಡುಕಲು ಹೋಗುವನೆ? ಆದುದರಿಂದ ಈ ಕಾಯಿಲೆಯಲ್ಲಿ ನಿದ್ದೆಯ ಲೆಕ್ಕವನ್ನು ಮತ್ತೊಬ್ಬರು ಇಡಬೇಕಾಗುತ್ತದೆ. ಬರೆಯುವವರ ಪಾಲಿಗಂತೂ ಇದು ಕಠಿಣ ಪರೀಕ್ಷೆ. ಆಲೋಚನೆ ಓಡುತ್ತಿರುವ ರಾತ್ರಿಯಲ್ಲಿ ದೀಪ ಆರಿಸಿ ಮಲಗೆಂದರೆ, ಬಂದ ಅತಿಥಿಯನ್ನು ಬಾಗಿಲಲ್ಲೇ ನಿಲ್ಲಿಸೆಂದಂತೆ.

ಲೆನರ್ಡನು ವೈದ್ಯನಲ್ಲ, ಆದರೆ ವರ್ಷಗಳ ನಿರೀಕ್ಷಣೆಯಿಂದ ಒಂದು ಸೂತ್ರ ಕಂಡುಕೊಂಡನು. ಆಕೆ ಹೊತ್ತಿಗೆ ಸರಿಯಾಗಿ ಉಂಡು, ಬೇಗ ಮಲಗಿ, ದಣಿವಾಗದಂತೆ ಇದ್ದಷ್ಟು ಕಾಲ ಆರೋಗ್ಯವಾಗಿಯೇ ಇರುತ್ತಿದ್ದಳು. ಮಿತಿ ಮೀರಿದರೆ ಮುನ್ಸೂಚನೆಗಳು ಬರುತ್ತಿದ್ದುವು: ತಲೆಯ ಹಿಂಭಾಗದಲ್ಲಿ ಒಂದು ವಿಶಿಷ್ಟ ನೋವು, ನಿದ್ದೆ ಬಾರದ ರಾತ್ರಿ, ಹಿಡಿತಕ್ಕೆ ಸಿಕ್ಕದೆ ಓಡುವ ಆಲೋಚನೆಗಳು. ಆ ಕ್ಷಣವೇ ಆಕೆಯನ್ನು ಕತ್ತಲೆ ಮಾಡಿದ ಕೋಣೆಯಲ್ಲಿ ಮಲಗಿಸಿ, ಹಾಲು ಊಟ ಕೊಟ್ಟು ಕಾದರೆ, ವಾರ ಹತ್ತು ದಿನಗಳಲ್ಲಿ ಗಾಳಿ ತಣಿಯುತ್ತಿತ್ತು. ಉದಾಸೀನ ಮಾಡಿದರೆ ಸಂಕಟ ತಿಂಗಳುಗಟ್ಟಲೆ ಬೆಳೆಯುತ್ತಿತ್ತು.

ಈ ಸೂತ್ರದ ಮೇಲೆ ಆ ದಂಪತಿಗಳ ಸಂಸಾರ ನಿಂತಿತು. ಲಂಡನ್ನಿನ ಗದ್ದಲ ಬಿಟ್ಟು ರಿಚ್ಮಂಡಿನಲ್ಲಿ ಮನೆ ಮಾಡಿದರು. ಬರವಣಿಗೆ ಬೆಳಗಿನ ಹೊತ್ತಿಗೆ ಮಾತ್ರ; ಮಧ್ಯಾಹ್ನ ಕೈಕೆಲಸ, ನಡಿಗೆ. ಕೈಕೆಲಸಕ್ಕೆಂದೇ 1917ರಲ್ಲಿ ಒಂದು ಪುಟ್ಟ ಮುದ್ರಣಯಂತ್ರ ಕೊಂಡು ಊಟದ ಕೋಣೆಯಲ್ಲಿಟ್ಟರು. ಮೊಳೆ ಜೋಡಿಸುವ ಕೆಲಸ ಮನಸ್ಸನ್ನು ತಣಿಸುವುದೆಂಬ ಆಸೆಯಿಂದ ಹುಟ್ಟಿದ ಹೋಗಾರ್ತ್ ಪ್ರೆಸ್ ಮುಂದೆ ಎಲಿಯಟ್ಟನ ಕಾವ್ಯವನ್ನೂ ಫ್ರಾಯ್ಡನ ಗ್ರಂಥಗಳ ಇಂಗ್ಲಿಷ್ ಅನುವಾದಗಳನ್ನೂ ಪ್ರಕಟಿಸಿತು. ಎರಡನೆಯ ಕಾದಂಬರಿಯನ್ನು ಚೇತರಿಕೆಯ ದಿನಗಳಲ್ಲಿ ಹಾಸಿಗೆಯಲ್ಲೇ, ದಿನಕ್ಕೆ ಅರ್ಧ ಗಂಟೆಯಂತೆ ಬರೆಯತೊಡಗಿದಳು. ಸಂಜೆಯ ಕೂಟಗಳು ಆಕೆಗೆ ಬಲು ಪ್ರಿಯ. ಮಾತಿನಲ್ಲಿ ಆಕೆಯನ್ನು ಮೀರಿಸುವವರು ಬ್ಲೂಮ್ಸ್‌ಬರಿಯ ಆ ಬಳಗದಲ್ಲೂ ವಿರಳ. ಅಂಥ ಮಾತು ರಂಗೇರಿದಾಗಲೇ ಲೆನರ್ಡನು ಎದ್ದು ಮನೆಗೆ ಹೊರಡಲು ಸೂಚಿಸುತ್ತಿದ್ದನು. ಆಕೆಯ ಮುಖ ಬಾಡುತ್ತಿತ್ತು, ಆದರೂ ಹೊರಡುತ್ತಿದ್ದಳು.

ಇಲ್ಲಿ ಒಂದು ತೊಡಕಿನ ಪ್ರಶ್ನೆ ಏಳುತ್ತದೆ. 1925ರಲ್ಲಿ ಪ್ರಕಟವಾದ ‘ಮಿಸೆಸ್ ಡಾಲೊವೆ’ ಕಾದಂಬರಿಯಲ್ಲಿ ಸೆಪ್ಟಿಮಸ್ ಎಂಬ ಯೋಧ ಬರುತ್ತಾನೆ. ಯುದ್ಧದಿಂದ ಮರಳಿದ ಆತನಿಗೂ ಹಕ್ಕಿಗಳ ಗ್ರೀಕ್ ಹಾಡು ಕೇಳಿಸುತ್ತದೆ. ಆತನನ್ನು ನೋಡುವ ಸರ್ ವಿಲಿಯಂ ಬ್ರಾಡ್‌ಷಾ ಎಂಬ ವೈದ್ಯನು ಹೆಂಡತಿಯಿಂದ ದೂರವಿಟ್ಟು ಮಲಗಿಸಬೇಕೆಂದು ಅಪ್ಪಣೆ ಮಾಡುತ್ತಾನೆ. ವಿಶ್ರಾಂತಿ, ಹಾಲು, ತೂಕ, ಪ್ರಮಾಣಬದ್ಧತೆ ಎಂದು ಉಪದೇಶಿಸುವ ಆ ಗಣ್ಯವೈದ್ಯನ ಚಿತ್ರದಲ್ಲಿ ಲೇಖಕಿಯ ಕೋಪ ಮಡುಗಟ್ಟಿದೆ. ಆದರೆ ಬ್ರಾಡ್‌ಷಾ ವಿಧಿಸಿದುದಕ್ಕೂ ಲೆನರ್ಡನು ಮನೆಯಲ್ಲಿ ಪಾಲಿಸಿದುದಕ್ಕೂ ಮೇಲುನೋಟಕ್ಕೆ ವ್ಯತ್ಯಾಸವೇನು? ಅದೇ ಹಾಲು, ಅದೇ ಕತ್ತಲೆ, ಅದೇ ಹಾಸಿಗೆ.

ಇದೇ ನೆಲೆಯಲ್ಲಿ ಲೆನರ್ಡನನ್ನು ಸೆರೆಮನೆಯ ಅಧಿಕಾರಿಗೆ ಹೋಲಿಸಿದ ವಿಮರ್ಶಕರೂ ಇದ್ದಾರೆ. ಮಕ್ಕಳು ಬೇಡವೆಂಬ ನಿರ್ಧಾರ ವೈದ್ಯರ ಸಲಹೆ ಕೇಳಿ ಹೆಚ್ಚಾಗಿ ಆತನೇ ಮಾಡಿದುದು. ಆಕೆ ಆ ಕೊರಗನ್ನು ಬಹುಕಾಲ ಹೊತ್ತಳು. ಆ ಆಕ್ಷೇಪವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಆದರೂ ಒಂದು ಭೇದವಿದೆ. ವೈದ್ಯನ ವಿಶ್ರಾಂತಿ ಲೇಖನಿಯನ್ನು ಕಿತ್ತುಕೊಳ್ಳುತ್ತಿತ್ತು; ಮನೆಯ ವಿಶ್ರಾಂತಿ ಮರುದಿನ ಬೆಳಗ್ಗೆ ಲೇಖನಿಯನ್ನು ಕೈಗೆ ಕೊಡುತ್ತಿತ್ತು. ಒಂದು ರೋಗಿಯನ್ನು ಪ್ರಿಯರಿಂದ ಬೇರ್ಪಡಿಸಿತು. ಮತ್ತೊಂದರಲ್ಲಿ ಪ್ರಿಯನೇ ಬಾಗಿಲ ಬಳಿ ಕುಳಿತಿದ್ದನು. ನಿದ್ದೆಯನ್ನು ಶಿಕ್ಷೆಯಾಗಿ ವಿಧಿಸುವುದು ಬೇರೆ, ನಾಳೆಯ ಬೀಜಕ್ಕೆಂದು ಕಾಪಿಡುವುದು ಬೇರೆ. 1915ರ ಅಂತ್ಯದಿಂದ ಇಪ್ಪತ್ತೈದು ವರ್ಷಗಳ ಕಾಲ ಕಾಯಿಲೆಯ ಅಂಚಿಗೆ ಆಕೆ ಹಲವು ಸಲ ಬಂದಳು. 1925ರಲ್ಲಿ ತಿಂಗಳುಗಟ್ಟಲೆ ಮಲಗಿದಳು, 1936ರಲ್ಲಿ ಬಹಳ ನರಳಿದಳು. ಆದರೆ 1915ರ ಉನ್ಮಾದ ಮರಳಲಿಲ್ಲ. ‘ಟು ದ ಲೈಟ್‌ಹೌಸ್’, ‘ದ ವೇವ್ಸ್’ ಮೊದಲಾದ ಎಂಟು ಕಾದಂಬರಿಗಳು, ‘ಎ ರೂಮ್ ಆಫ್ ಒನ್ಸ್ ಓನ್’ ಎಂಬ ಹೆಸರಾಂತ ಪ್ರಬಂಧ, ರಾಶಿ ವಿಮರ್ಶೆ, ಎಲ್ಲವೂ ಆ ಕಾಲು ಶತಮಾನದ ಫಲ.

ಲೆನರ್ಡನ ಗೃಹಸೂತ್ರಕ್ಕೆ ಶಾಸ್ತ್ರದ ಬೆಂಬಲ ಬಂದುದು ಬಹಳ ತಡವಾಗಿ. ಮನಸ್ಸು ಒಮ್ಮೆ ಉನ್ಮಾದಕ್ಕೆ ಏರಿ ಒಮ್ಮೆ ಖಿನ್ನತೆಗೆ ಇಳಿಯುವ ಈ ಕಾಯಿಲೆಯನ್ನು ಜರ್ಮನಿಯ ಕ್ರೆಪೆಲಿನ್ 1899ರಲ್ಲೇ ಪ್ರತ್ಯೇಕವಾಗಿ ವಿವರಿಸಿದ್ದನು. ಇಂದು ಬೈಪೋಲಾರ್ ಕಾಯಿಲೆಯೆಂದು ಕರೆಯುವುದು ಇದನ್ನೇ. ವರ್ಜೀನಿಯಳಿಗಿದ್ದುದೂ ಇದೇ ಎಂದು ಅನೇಕ ಮನೋವೈದ್ಯರ ಅಭಿಪ್ರಾಯ. ಉನ್ಮಾದವನ್ನು ತಡೆಯುವ ಲಿಥಿಯಮ್ ಲವಣದ ಗುಣವನ್ನು ಆಸ್ಟ್ರೇಲಿಯದ ಜಾನ್ ಕೇಡ್ 1949ರಲ್ಲಿ ಪ್ರಕಟಿಸಿದನು. ಆಗ ಆಕೆ ತೀರಿ ಎಂಟು ವರ್ಷ ಕಳೆದಿತ್ತು. 1987ರಲ್ಲಿ ಅಮೆರಿಕದ ತಾಮಸ್ ವೇರ್ ಮತ್ತು ಸಂಗಡಿಗರು ಮತ್ತೊಂದು ಮಹತ್ತ್ವದ ವಾದ ಮಂಡಿಸಿದರು. ದುಃಖ, ಸಂತೋಷ, ದೂರಪ್ರಯಾಣ, ಹೆರಿಗೆ, ಕೆಲಸದ ಒತ್ತಡ ಹೀಗೆ ಉನ್ಮಾದಕ್ಕೆ ನೆಪಗಳು ನೂರಿರಬಹುದು; ಆದರೆ ಅವುಗಳಲ್ಲಿ ಬಹಳಷ್ಟು ನಿದ್ದೆಯ ಕೊರತೆಯೆಂಬ ಒಂದೇ ಹೆಬ್ಬಾಗಿಲಿನಿಂದ ಒಳಬರುತ್ತವೆ. ನಿದ್ದೆ ಕೆಟ್ಟರೆ ಉನ್ಮಾದ ಏರುತ್ತದೆ. ಉನ್ಮಾದ ಏರಿದರೆ ನಿದ್ದೆ ಮತ್ತಷ್ಟು ಕೆಡುತ್ತದೆ. ಕಾರಣವೇ ಕಾರ್ಯವಾಗಿ, ಕಾರ್ಯವೇ ಕಾರಣವಾಗಿ ತಿರುಗುವ ಗಾಣವಿದು. 2005ರಲ್ಲಿ ಇಟಲಿಯ ವೈದ್ಯರು ಉನ್ಮಾದದ ರೋಗಿಗಳನ್ನು, ಔಷಧದ ಜೊತೆಗೆ, ಮೂರು ದಿನ ಸಂಜೆ ಆರರಿಂದ ಬೆಳಗ್ಗೆ ಎಂಟರವರೆಗೆ ಕತ್ತಲೆಯಲ್ಲಿರಿಸಿ ನೋಡಿದರು. ಕಾಯಿಲೆ ಬಂದು ಎರಡು ವಾರ ಮೀರದವರಲ್ಲಿ ಉನ್ಮಾದ ಬೇಗ ಇಳಿಯಿತು. ಬೇಗ ಹಿಡಿದರೆ ಕತ್ತಲೆಯೂ ಔಷಧ; ತಡವಾದರೆ ಅದರ ಕೈ ಸಾಗದು. ಮಲಗುವ, ಏಳುವ, ಉಣ್ಣುವ ಹೊತ್ತುಗಳನ್ನು ದಿನದಿನವೂ ಒಂದೇ ಕ್ರಮಕ್ಕೆ ತರುವ ಚಿಕಿತ್ಸಾಕ್ರಮವೊಂದನ್ನು ಎಲೆನ್ ಫ್ರಾಂಕ್ ಎಂಬ ವಿದುಷಿ ರೂಪಿಸಿದಳು. ರಿಚ್ಮಂಡಿನ ಮನೆಯ ವೇಳಾಪಟ್ಟಿ ಇವುಗಳಿಂದ ಬಹು ದೂರದ್ದಲ್ಲ.

ಹಾಗೆಂದು ನಿದ್ದೆಯೊಂದೇ ಸಾಕೆಂದು ಶಾಸ್ತ್ರ ಹೇಳುವುದಿಲ್ಲ. ವೈದ್ಯರ ಔಷಧಕ್ಕೆ ಅದು ಊರುಗೋಲು, ಬದಲಿಯಲ್ಲ. ವರ್ಜೀನಿಯಳ ಕಾಲದಲ್ಲಿ ಔಷಧವೇ ಇರಲಿಲ್ಲ. ಊರುಗೋಲಿನ ಮೇಲೆಯೇ ಇಡೀ ಭಾರ ಬಿದ್ದಿತ್ತು.

ಆ ಭಾರ ತಡೆಯಲಾರದ ಕಾಲವೂ ಬಂತು. 1940ರಲ್ಲಿ ಜರ್ಮನ್ ಬಾಂಬುಗಳು ಲಂಡನ್ನಿನ ಅವರ ಮನೆಗಳನ್ನು ಹಾಳುಗೆಡವಿದುವು. ರಾಡ್ಮೆಲ್ ಎಂಬ ಹಳ್ಳಿಯ ಮನೆಯಲ್ಲಿ ನೆಲಸಿದವರಿಗೆ ರಾತ್ರಿಯೆಲ್ಲ ತಲೆಯ ಮೇಲೆ ವಿಮಾನಗಳ ಸದ್ದು. ಗೆಳೆಯರ ಬಳಗ ಚದುರಿತ್ತು, ಆಹಾರಕ್ಕೂ ಬಿಗಿಯಿತ್ತು. ಬ್ರೈಟನ್ನಿನ ವೈದ್ಯೆ ಆಕ್ಟೇವಿಯ ವಿಲ್ಬರ್‌ಫೋರ್ಸ್ ತನ್ನ ದನಗಳ ಹಾಲು ಕೆನೆಗಳನ್ನು ಆಕೆಗಾಗಿ ಕಳುಹಿಸುತ್ತಿದ್ದಳು. 1941ರ ಆರಂಭದಲ್ಲಿ ಕೊನೆಯ ಕಾದಂಬರಿ ಮುಗಿಯಿತು. ಹಿಂದಿನಂತೆಯೇ ಕತ್ತಲು ಕವಿಯಿತು. ಈ ಬಾರಿ ಬಂದುದು ಏರುವ ಉನ್ಮಾದವಲ್ಲ, ಇಳಿಯುವ ಖಿನ್ನತೆ. ಧ್ವನಿಗಳು ಮತ್ತೆ ಕೇಳತೊಡಗಿದುವು. ಮಾರ್ಚ್ 27ರಂದು ಲೆನರ್ಡನು ಆಕೆಯನ್ನು ಆ ವೈದ್ಯೆಯ ಬಳಿಗೆ ಕರೆದೊಯ್ದನು. ದಾದಿಯರ ಕಾವಲು ಹಾಕಬೇಕೆ ಎಂಬ ಪ್ರಶ್ನೆ ಅವನನ್ನು ಕಾಡಿತು. ಹಾಕಿದರೆ ಆ ಬಲವಂತವೇ ಆಕೆಯನ್ನು ಅಂಚಿನಾಚೆಗೆ ನೂಕೀತೆಂದು ಹೆದರಿ ಒಂದು ದಿನ ಕಾದನು. ಮರುದಿನ ಆಕೆ ಮನೆಯ ಸಮೀಪದ ಊಸ್ ನದಿಯ ಪಾಲಾದಳು. ಆಗ ಆಕೆಗೆ ಐವತ್ತೊಂಬತ್ತು ವಯಸ್ಸು. ಶರೀರ ದೊರೆತುದು ಮೂರು ವಾರಗಳ ಮೇಲೆ.

ಕೊನೆಯೊಂದನ್ನೇ ನೋಡಿ ಲೆನರ್ಡನ ಎಣಿಕೆ ಸೋತಿತೆನ್ನುವವರುಂಟು. ಆದರೆ ಲೆಕ್ಕವೆಂದ ಮೇಲೆ ಎರಡು ಬದಿಗಳನ್ನೂ ನೋಡಬೇಕು. ಒಂದು ಬದಿಯಲ್ಲಿ 1941ರ ಮಾರ್ಚಿಯ ಒಂದು ಬೆಳಗು. ಇನ್ನೊಂದು ಬದಿಯಲ್ಲಿ ಕಾಲು ಶತಮಾನದ ಸಾವಿರಾರು ರಾತ್ರಿಗಳು, ಅವುಗಳ ಬೆನ್ನಿಗೆ ಬಂದ ಬೆಳಗುಗಳಲ್ಲಿ ಮೂಡಿದ ಪುಟಗಳು. ಲೆನರ್ಡನು ಆಕೆಯ ಚಿತಾಭಸ್ಮವನ್ನು ರಾಡ್ಮೆಲ್ಲಿನ ತೋಟದಲ್ಲಿ ಎಲ್ಮ್ ಮರದ ಬುಡದಲ್ಲಿ ಹೂಳಿದನು. ತಾನು ಅದೇ ಮನೆಯಲ್ಲಿ 1969ರವರೆಗೆ ಬದುಕಿದನು.