ಕಪ್ಪು ಮಡಕೆಯ ಮರಿಯಾ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ನೈಋತ್ಯ ಭಾಗದಲ್ಲಿ ನ್ಯೂ ಮೆಕ್ಸಿಕೊ ಎಂಬ ರಾಜ್ಯವಿದೆ. ಮಳೆ ವಿರಳವಾದ, ಚಪ್ಪಟೆ ತಲೆಯ ಗುಡ್ಡಗಳಿಂದ ಕೂಡಿದ ನಾಡು ಅದು. ಅಲ್ಲಿಯ ರಿಯೊ ಗ್ರಾಂಡೆ ನದಿಯ ಸಮೀಪದಲ್ಲಿ ಸ್ಯಾನ್ ಇಲ್ಡಿಫಾನ್ಸೊ ಎಂಬ ಪುಟ್ಟ ಗ್ರಾಮ. ಹಸಿ ಇಟ್ಟಿಗೆಯ ಮನೆಗಳು, ನಡುವೆ ಬಯಲು, ಸುತ್ತ ಮೆಕ್ಕೆಜೋಳದ ಹೊಲಗಳು. ಇಲ್ಲಿಯ ಜನ ಅಮೆರಿಕೆಯ ಮೂಲನಿವಾಸಿಗಳು. ಟೇವಾ ಭಾಷೆಯನ್ನಾಡುವ ಪ್ಯೂಬ್ಲೊ ಜನಾಂಗದವರು. ಈ ಗ್ರಾಮದ ಒಂದು ಬೇಸಾಯಗಾರರ ಮನೆಯಲ್ಲಿ ಸುಮಾರು 1887ರಲ್ಲಿ ಮರಿಯಾ ಮೊಂಟೋಯ ಜನಿಸಿದಳು.

ಆ ಜನರಲ್ಲಿ ಮಡಕೆ ಮಾಡುವುದು ಒಂದು ಕುಲದ ಕಸುಬಲ್ಲ. ಅದು ಹೆಂಗಸರ ಮನೆಗೆಲಸಗಳಲ್ಲಿ ಒಂದು. ಆದರೆ ಮರಿಯಾ ಹುಟ್ಟುವ ಹೊತ್ತಿಗೆ ಈ ಕಲೆ ಬಡವಾಗತೊಡಗಿತ್ತು. 1880ರಲ್ಲಿ ಆ ಸೀಮೆಗೆ ರೈಲು ಬಂದಿತು. ಅದರೊಡನೆ ತಗಡಿನ ಪಾತ್ರೆಗಳೂ ಬಂದವು. ಬಿದ್ದರೆ ಒಡೆಯದ, ಅಂಗಡಿಯಲ್ಲಿ ಸುಲಭವಾಗಿ ದೊರೆಯುವ ಪಾತ್ರೆಯಿರುವಾಗ ದಿನಗಟ್ಟಲೆ ಮಣ್ಣು ಕಲಸಿ ಕೂರುವವರಾರು? ಪ್ರವಾಸಿಗಳಿಗಾಗಿ ಮಾಡಿದ ಒರಟು ಕುಡಿಕೆಗಳು ಮಾತ್ರ ಕೆಲವು ಕಾಸಿಗೆ ಮಾರಾಟವಾಗುತ್ತಿದ್ದವು. ಇಂಥ ಕಾಲದಲ್ಲಿ ಮರಿಯಾ ತನ್ನ ಬಂಧು ನಿಕೊಲಾಸಾಳ ಬಳಿ ಕುಳಿತು ಮಣ್ಣಿನ ಕೆಲಸವನ್ನು ನೋಡಿ ನೋಡಿ ಕಲಿತಳು.

1904ರಲ್ಲಿ ಆಕೆಗೆ ಜೂಲಿಯನ್ ಮಾರ್ಟಿನೆಜ್ ಎಂಬ ತರುಣನೊಡನೆ ವಿವಾಹವಾಯಿತು. ಮದುವೆಯಾದ ಹೊಸತರಲ್ಲೇ ದಂಪತಿಗಳು ಸೇಂಟ್ ಲೂಯಿಸ್ ನಗರದ ವಿಶ್ವಪ್ರದರ್ಶನಕ್ಕೆ ತೆರಳಿದರು. ಅಲ್ಲಿ ಮರಿಯಾ ಜನರ ಮುಂದೆ ಮಡಕೆ ಮಾಡಿ ತೋರಿಸಬೇಕಾಗಿತ್ತು, ಜೂಲಿಯನ್ ನರ್ತಿಸಬೇಕಾಗಿತ್ತು. ಅಲ್ಲಿ ಕಲೆಯಷ್ಟೇ ಅಲ್ಲದೆ ಕಲಾವಿದರೂ ಪ್ರದರ್ಶನದ ವಸ್ತುಗಳೇ ಆಗಿದ್ದರೆನ್ನಬೇಕು.

ಕೆಲವು ವರ್ಷಗಳ ಬಳಿಕ ಎಡ್ಗರ್ ಹೆವೆಟ್ ಎಂಬ ಪುರಾತತ್ತ್ವಜ್ಞರು ಗ್ರಾಮದ ಸಮೀಪದ ಪ್ರಸ್ಥಭೂಮಿಯಲ್ಲಿ ಉತ್ಖನನ ಕೈಗೊಂಡರು. ಜೂಲಿಯನ್ ಅಲ್ಲಿ ಕೂಲಿಗೆ ಸೇರಿದನು. ನೆಲದಿಂದ ಹೊರಬಂದ ಹಳೆಯ ಮಡಕೆಚೂರುಗಳು ತೆಳುವಾಗಿ, ನಯವಾಗಿ ಇದ್ದವು. ಹೆವೆಟ್ ಒಂದು ಚೂರನ್ನು ಮರಿಯಾಳ ಕೈಗಿತ್ತು, ಪೂರ್ವಿಕರ ಆ ರೀತಿಯಲ್ಲಿ ಇಡಿಯ ಮಡಕೆಯೊಂದನ್ನು ಮಾಡಿಕೊಡಬಲ್ಲೆಯಾ ಎಂದು ಕೇಳಿದರು. ಆಕೆ ಅದನ್ನು ಬೆರಳುಗಳಿಂದ ಸವರಿ, ಮಣ್ಣಿನ ಹದವನ್ನು ಊಹಿಸಿ, ಕೆಲಸಕ್ಕೆ ತೊಡಗಿದಳು. ಮುಂದೆ ಜೂಲಿಯನ್ ಸಾಂತಾ ಫೆ ನಗರದ ವಸ್ತುಸಂಗ್ರಹಾಲಯದಲ್ಲಿ ಜವಾನನಾದಾಗ, ಗಾಜಿನ ಪೆಟ್ಟಿಗೆಗಳಲ್ಲಿದ್ದ ಹಳೆಯ ಪಾತ್ರೆಗಳ ಚಿತ್ತಾರಗಳನ್ನು ಬಿಡುವಿನ ವೇಳೆಯಲ್ಲಿ ನೋಡಿ ಬರೆದುಕೊಳ್ಳುತ್ತಿದ್ದನು. ಹೀಗೆ ಕೈಕೆಲಸ ಮಡದಿಯದು, ಚಿತ್ರ ಪತಿಯದು ಎಂದಾಯಿತು.

ಅವರ ಕೆಲಸದ ಕ್ರಮವನ್ನು ಸ್ವಲ್ಪ ವಿವರವಾಗಿಯೇ ತಿಳಿಯಬೇಕು. ಆ ಜನರಲ್ಲಿ ಕುಂಬಾರನ ಚಕ್ರವಿಲ್ಲ. ಜೇಡಿಮಣ್ಣಿಗೆ ಜ್ವಾಲಾಮುಖಿಯ ಬೂದಿಯನ್ನು ಬೆರೆಸಿ ತುಳಿದು ಹದಮಾಡುತ್ತಾರೆ. ತಟ್ಟೆಯಾಕಾರದ ಒಂದು ಅಚ್ಚಿನಲ್ಲಿ ತಳವನ್ನು ಕೂರಿಸಿ, ಹಗ್ಗದಂತೆ ಹೊಸೆದ ಮಣ್ಣಿನ ಸುರುಳಿಗಳನ್ನು ಒಂದರ ಮೇಲೊಂದು ಸುತ್ತಿ ಗೋಡೆ ಏರಿಸುತ್ತಾರೆ. ಸೋರೆಬುರುಡೆಯ ಚೂರಿನಿಂದ ಹೆರೆದು ನಯಗೊಳಿಸುತ್ತಾರೆ. ಒಣಗಿದ ಮೇಲೆ ಕೆಮ್ಮಣ್ಣಿನ ತಿಳಿಯನ್ನು ಬಳಿದು, ಅದು ಆರುವ ಮೊದಲೇ ನುಣುಪಾದ ಕಲ್ಲಿನಿಂದ ಗಂಟೆಗಟ್ಟಲೆ ಉಜ್ಜುತ್ತಾರೆ. ನಡುವೆ ಕೈ ನಿಲ್ಲಿಸಿದರೆ ಹೊಳಪು ಕೆಟ್ಟಂತೆಯೇ. ಈ ಕಲ್ಲುಗಳು ತಾಯಿಯಿಂದ ಮಗಳಿಗೆ ಆಸ್ತಿಯಂತೆ ಬರುತ್ತವೆ. ಕೊನೆಗೆ ಬಯಲಿನಲ್ಲಿ ಕಟ್ಟಿಗೆ ಮತ್ತು ಬೆರಣಿಗಳ ನಡುವೆ ಮಡಕೆಗಳನ್ನು ಸುಡುತ್ತಾರೆ. ಬೆಂಕಿ ಕಾವೇರಿದಾಗ ಅದರ ಮೇಲೆ ಪುಡಿಮಾಡಿದ ಕುದುರೆಲದ್ದಿಯನ್ನು ಸುರಿದು ಉಸಿರುಗಟ್ಟಿಸಿದರೆ ದಟ್ಟ ಹೊಗೆ ಒಳಗೇ ನಿಲ್ಲುತ್ತದೆ. ಗಾಳಿ ದೊರೆಯದ ಆ ಕಾವಿನಲ್ಲಿ ಕೆಂಪು ಮಡಕೆ ಕಪ್ಪಾಗುತ್ತದೆ. ಗಾಳಿಯ ಒಂದು ಬೀಸು, ಅಕಾಲದ ನಾಲ್ಕು ಹನಿ ಮಳೆ ಸಾಕು, ಹಲವು ದಿನಗಳ ದುಡಿಮೆ ಬಿರುಕು ಬಿಡಲು.

ಹೊಗೆಯಿಂದ ಕಪ್ಪಾಗಿಸುವ ವಿದ್ಯೆ ನೆರೆಯ ಸಾಂತಾ ಕ್ಲಾರಾ ಗ್ರಾಮದವರಿಗೆ ಹಿಂದಿನಿಂದ ತಿಳಿದಿತ್ತು. ಆದರೆ 1919ರ ಸುಮಾರಿಗೆ ಈ ದಂಪತಿಗಳು ಅದರಲ್ಲಿ ಹೊಸದೊಂದನ್ನು ಸಾಧಿಸಿದರು. ಉಜ್ಜಿದ ಮೈಯ ಮೇಲೆ ಜೂಲಿಯನ್ ಮಣ್ಣಿನ ತಿಳಿಯಿಂದ ಚಿತ್ರ ಬರೆದು ಸುಟ್ಟಾಗ, ಬರೆದ ಭಾಗ ಮಂಕಾಗಿಯೂ ಉಳಿದ ಮೈ ಕನ್ನಡಿಯಂತೆ ಹೊಳೆಯುವಂತೆಯೂ ಆಯಿತು. ಕಪ್ಪಿನ ಮೇಲೆ ಕಪ್ಪು! ಕೊಂಬುಳ್ಳ ಜಲಸರ್ಪ, ಸಾಲುಗರಿಗಳ ಚಿತ್ತಾರಗಳು ಆ ಮಡಕೆಗಳ ಮೇಲೆ ಮೂಡಿದವು.

1922ರಲ್ಲಿ ಸಾಂತಾ ಫೆ ನಗರದಲ್ಲಿ ಹೆವೆಟ್ ಮತ್ತು ಕೆನೆತ್ ಚಾಪ್‌ಮನ್ ಮೊದಲಾದ ಸಂಗ್ರಹಾಲಯದವರು ಮೂಲನಿವಾಸಿಗಳ ಕರಕುಶಲ ವಸ್ತುಗಳ ಮೇಳವನ್ನು ಆರಂಭಿಸಿದರು. ತಂದುದೆಲ್ಲವನ್ನೂ ಮಾರುವ ಸಂತೆ ಅದಲ್ಲ. ತೀರ್ಪುಗಾರರು ವಸ್ತುಗಳನ್ನು ಪರೀಕ್ಷಿಸಿ ಉತ್ತಮವಾದವಕ್ಕೆ ಬಹುಮಾನ ನೀಡುತ್ತಿದ್ದರು. ಅವಸರದ ಕೆಲಸಕ್ಕೂ ತಾಳ್ಮೆಯ ಕೆಲಸಕ್ಕೂ ಬೆಲೆಯಲ್ಲಿ ಅಂತರ ಕಾಣತೊಡಗಿತು. ಇದರಿಂದ ಹಳೆಯ ಕಲೆಗೆ ಮರ್ಯಾದೆ ಬಂದಿತೆಂಬುದು ನಿಜ. ಆದರೆ ಪ್ಯೂಬ್ಲೊ ಹೆಂಗಸಿನ ಮಡಕೆ ಉತ್ತಮವೋ ಅಲ್ಲವೋ ಎಂದು ನಿರ್ಣಯಿಸುತ್ತಿದ್ದವರು ಹೊರಗಿನವರೇ ಎಂಬುದನ್ನೂ ಮರೆಯುವಂತಿಲ್ಲ.

ಈ ನಡುವೆ ಮರಿಯಾಳ ಮುಂದೆ ಒಂದು ವಿಚಿತ್ರ ಸಮಸ್ಯೆ ಬಂದು ನಿಂತಿತು. ಮಡಕೆಯ ತಳದಲ್ಲಿ ಮಾಡಿದವರ ಹೆಸರಿರಬೇಕೆಂದು ಹೊರಗಿನವರು ಬಯಸಿದರು. ಪ್ಯೂಬ್ಲೊ ಜನರಿಗೆ ಇದು ಹೊಸ ಮಾತು. ಊರಿನ ಮಣ್ಣು, ಹಿರಿಯರ ವಿದ್ಯೆ. ಅದರ ಮೇಲೆ ಒಬ್ಬಳ ಹೆಸರೇಕೆ? ಆದರೂ 1923ರ ಸುಮಾರಿನಿಂದ ಆಕೆ ಸಹಿ ಹಾಕತೊಡಗಿದಳು. ಕೊಳ್ಳುವವರ ಕಿವಿಗೆ ಪರಿಚಿತವಾಗಿರಲೆಂದು ಹೆಸರನ್ನು ಮರೀ ಎಂದು ಬರೆದಳು. ಸಹಿಯುಳ್ಳ ಮಡಕೆಗೆ ಹೆಚ್ಚು ಬೆಲೆ ಬಂದಿತು. ಇದನ್ನು ಕಂಡ ನೆರೆಹೊರೆಯ ಹೆಂಗಸರು ತಮ್ಮ ಮಡಕೆಗಳನ್ನೂ ತಂದು ಆಕೆಯ ಹೆಸರು ಬೇಡಿದರು. ಮರಿಯಾ ಇಲ್ಲವೆನ್ನಲಿಲ್ಲ. ಆಗ ಊರಿನಲ್ಲಿದ್ದವರು ನೂರರಷ್ಟು ಜನ. ನೀರು, ಹೊಲ, ಹಬ್ಬ, ಸಾವು ಎಲ್ಲವೂ ಎಲ್ಲರಿಗೂ ಸೇರಿದವು. ತನ್ನ ಹೆಸರಿನಿಂದ ನೆರೆಯವಳ ಮಕ್ಕಳಿಗೆ ರೊಟ್ಟಿ ದೊರೆಯುವುದಾದರೆ ಅದನ್ನು ಬಚ್ಚಿಡುವುದು ಹೇಗೆಂದು ಆಕೆಗೆ ತೋರಿರಬೇಕು. ಸಾಂತಾ ಫೆಯ ಅಧಿಕಾರಿಗಳ ದೃಷ್ಟಿ ಬೇರೆ. ಹೆಸರನ್ನು ನಂಬಿ ಹಣ ಕೊಟ್ಟವನಿಗೆ ಮೋಸವಾಗುತ್ತದೆ, ಬಹುಮಾನಕ್ಕೂ ಅರ್ಥವಿರುವುದಿಲ್ಲ ಎಂದು ಅವರು ಆಕ್ಷೇಪಿಸಿದರು. ಆ ಮಾತಿನಲ್ಲಿಯೂ ನ್ಯಾಯವಿತ್ತು. ಮರಿಯಾ ಪರರ ಮಡಕೆಗಳಿಗೆ ಸಹಿ ಹಾಕುವುದನ್ನು ನಿಲ್ಲಿಸಿದಳು.

ಹೆಸರನ್ನು ಹಂಚುವಂತಿಲ್ಲವಾದರೂ ವಿದ್ಯೆಯನ್ನು ಹಂಚಲು ತಡೆಯಿರಲಿಲ್ಲ. ಕಪ್ಪು ಮಡಕೆಯ ಗುಟ್ಟನ್ನು ಆಕೆ ಗ್ರಾಮದ ಇತರರಿಗೆ ಮನಸಾರೆ ಕಲಿಸಿದಳು. ಬೇಸಾಯದಿಂದ ಹೊಟ್ಟೆ ತುಂಬದಿದ್ದ ಅನೇಕ ಕುಟುಂಬಗಳಿಗೆ ಮಡಕೆಯೇ ಆಸರೆಯಾಯಿತು. ಹಿಂದೆ ಸಹಿಗಾಗಿ ಬರುತ್ತಿದ್ದವರೂ ಕ್ರಮೇಣ ತಮ್ಮ ತಮ್ಮ ಹೆಸರುಗಳನ್ನೇ ಬರೆಯತೊಡಗಿದರು. ಆಕೆಯ ಮಡಕೆಗಳ ಮೇಲೆ ಪತಿಯ ಹೆಸರೂ ಸೇರಿತು. 1943ರಲ್ಲಿ ಜೂಲಿಯನ್ ತೀರಿಕೊಂಡ ನಂತರ ಸೊಸೆ ಸಾಂತಾನಾ ಚಿತ್ರ ಬರೆದಳು. ತರುವಾಯ ಮಗ ಪೊಪೋವಿ ದಾ ಆ ಕೆಲಸವನ್ನು ವಹಿಸಿಕೊಂಡನು. ಪ್ರತಿಯೊಮ್ಮೆಯೂ ತಳದ ಸಹಿಯಲ್ಲಿ ಆಯಾ ಜೊತೆಗಾರರ ಹೆಸರು ಕಾಣಿಸಿಕೊಂಡಿತು.

1980ರ ಜುಲೈ 20ರಂದು, ತೊಂಬತ್ತು ವರ್ಷ ದಾಟಿದ್ದ ಮರಿಯಾ ನಿಧನಳಾದಳು. ಸಾಂತಾ ಫೆಯ ಮೇಳ ಇಂದಿಗೂ ಪ್ರತಿ ಆಗಸ್ಟ್‌ನಲ್ಲಿ ಜರುಗುತ್ತದೆ. ಅದರಲ್ಲಿ ಮಳಿಗೆ ಬೇಕಾದವರು ಮೊದಲೇ ಅರ್ಜಿ ಸಲ್ಲಿಸಿ ತಮ್ಮ ಕೆಲಸವನ್ನು ಪರೀಕ್ಷೆಗೆ ಒಡ್ಡಬೇಕು. ಮರಿಯಾಳ ವಂಶದವರು ಈಗಲೂ ಚಕ್ರವಿಲ್ಲದೆ ಮಡಕೆ ಮಾಡುತ್ತಾರೆ. ಆಕೆ ಎಲ್ಲರಿಗೂ ಸಹಿ ಹಾಕಿಕೊಡುತ್ತಿದ್ದ ಆ ಕೆಲವು ವರ್ಷಗಳ ಮಡಕೆಗಳೂ ಉಳಿದಿವೆ. ಅವುಗಳಲ್ಲಿ ಯಾವುದು ಮರಿಯಾಳದು, ಯಾವುದು ನೆರೆಯವಳದು ಎಂದು ತಳವನ್ನು ತಿರುವಿ ನೋಡಿ ಹೇಳುವಂತಿಲ್ಲ.