ಮೊಸರು ತಿಂದರೆ ನೂರು ವರ್ಷ ಬದುಕಬಹುದೇ? ನೊಬೆಲ್ ವಿಜ್ಞಾನಿ ಮೆಚ್ನಿಕೋವ್ ಅವರ ಅಸಲಿ ಕಥೆ

ದಿನಾ ಮೊಸರು ತಿಂದವರು ನೂರು ವರ್ಷ ಬದುಕುತ್ತಾರೆ, ಇದನ್ನು ಸಾಬೀತು ಮಾಡಿದ್ದಕ್ಕೇ ಒಬ್ಬ ವಿಜ್ಞಾನಿಗೆ ನೊಬೆಲ್ ಬಂತು ಎಂಬ ಅರ್ಥದ ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಇದರಲ್ಲಿ ಅರ್ಧ ನಿಜ, ಅರ್ಧ ಸುಳ್ಳು. ವಿಜ್ಞಾನಿ ನಿಜ, ನೊಬೆಲ್ ನಿಜ, ಮೊಸರಿನ ಮೇಲೆ ಅವರಿಗಿದ್ದ ನಂಬಿಕೆಯೂ ನಿಜ. ಆದರೆ ನೊಬೆಲ್ ಬಂದದ್ದು ಮೊಸರಿಗಲ್ಲ. ನೂರು ವರ್ಷದ ಮಾತು ಸಾಬೀತಾಗಲೂ ಇಲ್ಲ.

ಈ ಕಥೆ ಈಗ ಯಾಕೆ ಬೇಕು? ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಮೊಸರಿಲ್ಲದೆ ರೊಟ್ಟಿ ಊಟ ಮುಗಿಯುವುದಿಲ್ಲ. ಇಂಥ ಊರುಗಳಲ್ಲೂ ಈಗ ಅಂಗಡಿಯ ಫ್ರಿಜ್ ಮುಂದೆ ನಿಂತರೆ ಪಾಕೆಟ್ ಮೊಸರಿನ ಪಕ್ಕದಲ್ಲೇ ಫ್ರೂಟ್ ಯೋಗರ್ಟ್, ಗ್ರೀಕ್ ಯೋಗರ್ಟ್, ಪ್ರೋಬಯಾಟಿಕ್ ಡ್ರಿಂಕ್ ಎಂಬ ಡಬ್ಬಿಗಳು ಕಾಣುತ್ತವೆ. ಆರೋಗ್ಯಕ್ಕೆ ಒಳ್ಳೆಯದೆಂದು ಶುಗರ್ ಇರುವ ಅಪ್ಪನಿಗೆ, ಶಾಲೆಗೆ ಹೋಗುವ ಮಗುವಿಗೆ ಅದನ್ನೇ ತರುವವರಿದ್ದಾರೆ. ಆ ಡಬ್ಬಿಗಳ ಹಿಂದಿರುವ ನಂಬಿಕೆ ಶುರುವಾದದ್ದು ಈ ಒಬ್ಬ ಮನುಷ್ಯನಿಂದ.

ದುಃಖದಲ್ಲೇ ಕಳೆದ ಯೌವನ

ಇಲ್ಯಾ ಮೆಚ್ನಿಕೋವ್ ಹುಟ್ಟಿದ್ದು 1845ರ ಮೇ ತಿಂಗಳಲ್ಲಿ, ಖಾರ್ಕಿವ್ ನಗರದ ಹತ್ತಿರದ ಒಂದು ಹಳ್ಳಿಯಲ್ಲಿ. ಆಗ ಅದು ರಷ್ಯಾ ಸಾಮ್ರಾಜ್ಯ, ಈಗ ಉಕ್ರೇನ್. ಚಿಕ್ಕಂದಿನಿಂದಲೇ ಹುಳ, ಗಿಡ, ಜೀವಿಗಳ ಹುಚ್ಚು. ವಿಶ್ವವಿದ್ಯಾಲಯದ ನಾಲ್ಕು ವರ್ಷದ ಓದನ್ನು ಎರಡೇ ವರ್ಷದಲ್ಲಿ ಮುಗಿಸಿದರು. ಇನ್ನೂ ಇಪ್ಪತ್ತರ ಹರೆಯದಲ್ಲೇ ಒಡೆಸ್ಸಾದಲ್ಲಿ ಪಾಠ ಹೇಳತೊಡಗಿದರು.

1869ರಲ್ಲಿ ಲುಡ್ಮಿಲಾ ಅವರನ್ನು ಮದುವೆಯಾದರು. ಆಕೆಗೆ ಆಗಲೇ ಕ್ಷಯ. ನಡೆಯಲು ಶಕ್ತಿ ಇಲ್ಲದೆ ಕುರ್ಚಿಯಲ್ಲಿ ಕೂರಿಸಿಯೇ ಆಕೆಯನ್ನು ಮದುವೆಗೆ ಚರ್ಚಿಗೆ ಕರೆತಂದಿದ್ದರು. ಕ್ಷಯಕ್ಕೆ ಆಗ ಔಷಧಿ ಇರಲಿಲ್ಲ. ಒಳ್ಳೆಯ ಹವೆ ಸಿಗಲೆಂದು ಮೆಡೀರಾ ದ್ವೀಪಕ್ಕೆ ಕರೆದೊಯ್ದರೂ 1873ರಲ್ಲಿ ಆಕೆ ತೀರಿಹೋದರು. ಮೆಚ್ನಿಕೋವ್ ಅವರಿಗೆ ಬದುಕೇ ಬೇಡವಾಗಿತ್ತು. ಎರಡು ವರ್ಷದ ನಂತರ ಓಲ್ಗಾ ಅವರನ್ನು ಮದುವೆಯಾದರು. 1880ರಲ್ಲಿ ಆಕೆಗೂ ವಿಷಮಶೀತ ಜ್ವರ ಬಂತು, ಪುಣ್ಯಕ್ಕೆ ಉಳಿದರು. ಮುಂದೆ ಗಂಡನ ಜೀವನಚರಿತ್ರೆ ಬರೆದವರೂ ಆಕೆಯೇ. ರೋಗಾಣು ಮನುಷ್ಯನನ್ನು ಹೇಗೆ ಸೋಲಿಸುತ್ತದೆ, ಮನುಷ್ಯ ಹೇಗೆ ಗೆಲ್ಲುತ್ತಾನೆ ಎಂಬ ಪ್ರಶ್ನೆ ಮೆಚ್ನಿಕೋವ್ ಅವರಿಗೆ ಪುಸ್ತಕದ ಪ್ರಶ್ನೆ ಆಗಿರಲಿಲ್ಲ, ಸ್ವಂತ ಮನೆಯ ಪ್ರಶ್ನೆಯಾಗಿತ್ತು.

ಒಂದು ಮುಳ್ಳು, ಒಂದು ನೊಬೆಲ್

1882ರಲ್ಲಿ ಒಡೆಸ್ಸಾದ ಕೆಲಸ ಬಿಟ್ಟು ಇಟಲಿಯ ಸಿಸಿಲಿ ದ್ವೀಪದ ಮೆಸ್ಸಿನಾಕ್ಕೆ ಹೋದರು. ಒಂದು ದಿನ ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದಾಗ ಇವರು ಸೂಕ್ಷ್ಮದರ್ಶಕದ ಮುಂದೆ ಒಬ್ಬರೇ ಕೂತಿದ್ದರು. ನಕ್ಷತ್ರ ಮೀನಿನ ಮರಿ ಗಾಜಿನಂತೆ ಪಾರದರ್ಶಕ, ಒಳಗೆ ಓಡಾಡುವ ಜೀವಕೋಶಗಳು ಕಣ್ಣಿಗೆ ಕಾಣುತ್ತವೆ. ಹೊರಗಿನ ವಸ್ತು ಒಳಗೆ ಹೊಕ್ಕರೆ ಈ ಕೋಶಗಳು ಸುಮ್ಮನಿರುತ್ತವೆಯೇ ಎಂಬ ಯೋಚನೆ ಬಂತು. ತೋಟದಿಂದ ಮುಳ್ಳು ತಂದು ಮರಿಗೆ ಚುಚ್ಚಿದರು. ಮರುದಿನ ಬೆಳಿಗ್ಗೆ ನೋಡಿದರೆ ಕೋಶಗಳು ಮುಳ್ಳನ್ನು ಸುತ್ತುವರಿದಿದ್ದವು.

ನಮ್ಮ ರಕ್ತದ ಬಿಳಿ ಕಣಗಳೂ ಹೀಗೆಯೇ ರೋಗಾಣುಗಳನ್ನು ನುಂಗಿ ನಮ್ಮನ್ನು ಕಾಯುತ್ತವೆ ಎಂದು ಅವರು ವಾದಿಸಿದರು. ಈ ಕ್ರಿಯೆಗೆ ಫ್ಯಾಗೊಸೈಟೋಸಿಸ್ ಎಂದು ಹೆಸರು. ಬಹಳ ವರ್ಷ ಹಲವರು ಒಪ್ಪಲಿಲ್ಲ. 1888ರಲ್ಲಿ ಪ್ಯಾರಿಸ್‌ನಲ್ಲಿ ಲೂಯಿ ಪಾಶ್ಚರ್ ಅವರೇ ತಮ್ಮ ಸಂಸ್ಥೆಯಲ್ಲಿ ಜಾಗ ಕೊಟ್ಟರು. ಸಾಯುವವರೆಗೂ ಅಲ್ಲಿಯೇ ದುಡಿದರು. 1908ರ ನೊಬೆಲ್ ವೈದ್ಯಕೀಯ ಪ್ರಶಸ್ತಿಯನ್ನು ಪಾಲ್ ಎರ್ಲಿಖ್ ಅವರೊಂದಿಗೆ ಹಂಚಿಕೊಂಡದ್ದು ರೋಗನಿರೋಧಕ ಶಕ್ತಿಯ ಈ ಸಂಶೋಧನೆಗಾಗಿ. ಅದರಲ್ಲಿ ಮೊಸರಿನ ಪಾಲು ಸೊನ್ನೆ.

ಮೊಸರು ಬಂದದ್ದು ಎಲ್ಲಿಂದ?

ವಯಸ್ಸಾದಂತೆ ಮೆಚ್ನಿಕೋವ್ ಅವರ ಗಮನ ಮುಪ್ಪಿನ ಕಡೆ ತಿರುಗಿತು. ಮುಪ್ಪಿನ ಅಧ್ಯಯನಕ್ಕೆ ಜೆರೊಂಟಾಲಜಿ ಎಂಬ ಹೆಸರು ಕೊಟ್ಟವರೂ ಅವರೇ. ದೊಡ್ಡ ಕರುಳಿನಲ್ಲಿ ಆಹಾರ ಕೊಳೆಯುತ್ತದೆ, ಆಗ ಬ್ಯಾಕ್ಟೀರಿಯಾಗಳು ಬಿಡುವ ವಿಷ ದೇಹವನ್ನು ನಿಧಾನವಾಗಿ ಮುಪ್ಪಾಗಿಸುತ್ತದೆ ಎಂಬುದು ಅವರ ಊಹೆ. ಹಾಲು ಹುಳಿಯಾದರೆ ಬೇಗ ಕೊಳೆಯುವುದಿಲ್ಲ, ಹಾಗಾದರೆ ಹುಳಿ ಮಾಡುವ ಬ್ಯಾಕ್ಟೀರಿಯಾ ಕರುಳಿನ ಕೊಳೆತವನ್ನೂ ತಡೆಯಬಹುದಲ್ಲವೇ?

ಬಲ್ಗೇರಿಯಾದ ಹಳ್ಳಿಗಳಲ್ಲಿ ಹುಳಿ ಹಾಲು ಕುಡಿಯುವವರು ಹೆಚ್ಚು ಕಾಲ ಬದುಕುತ್ತಾರೆ ಎಂಬ ಸುದ್ದಿ ಅವರ ಕಿವಿಗೆ ಬಿದ್ದಿತ್ತು. 1905ರಲ್ಲಿ ಸ್ಟಾಮೆನ್ ಗ್ರಿಗೊರೊವ್ ಎಂಬ ಬಲ್ಗೇರಿಯಾದ ತರುಣ ವೈದ್ಯ ಆ ಮೊಸರಿನಲ್ಲಿದ್ದ ಬ್ಯಾಕ್ಟೀರಿಯಾವನ್ನು ಗುರುತಿಸಿದರು. ಇವತ್ತಿಗೂ ಅದರ ಹೆಸರಿನಲ್ಲಿ ಬಲ್ಗೇರಿಕಸ್ ಎಂಬ ಪದವಿದೆ.

ಮೆಚ್ನಿಕೋವ್ ತಾವೂ ದಿನಾ ಹುಳಿ ಹಾಲು ಕುಡಿದರು, ಹಸಿ ಆಹಾರ ಬಿಟ್ಟರು. ಆದರೆ ಇದಕ್ಕೆ ಇನ್ನೂ ಪುರಾವೆ ಬೇಕು ಎಂಬುದನ್ನು ಅವರು ಮರೆತಿರಲಿಲ್ಲ. ಮರೆತದ್ದು ಪತ್ರಿಕೆಗಳು ಮತ್ತು ವ್ಯಾಪಾರಿಗಳು. 1904ರಲ್ಲಿ ಪ್ಯಾರಿಸ್‌ನಲ್ಲಿ ಮುಪ್ಪಿನ ಬಗ್ಗೆ ಅವರು ಮಾಡಿದ ಭಾಷಣದ ನಂತರ ಹುಳಿ ಹಾಲಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಅದರ ಬ್ಯಾಕ್ಟೀರಿಯಾದ ಗುಳಿಗೆಗಳೂ ಮಾರಾಟಕ್ಕೆ ಬಂದವು. ವಾಟ್ಸ್‌ಆ್ಯಪ್ ಇಲ್ಲದ ಕಾಲದಲ್ಲೂ ಫಾರ್ವರ್ಡ್ ಹೀಗೇ ಓಡುತ್ತಿತ್ತು.

ಊಹೆ ಎಲ್ಲಿ ತಪ್ಪಿತು?

ಬೀಳಗಿಯ ಕಡೆ ತೊಂಬತ್ತು ದಾಟಿದ ಒಬ್ಬ ಅಜ್ಜ ದಿನಾ ಮೊಸರು ತಿನ್ನುತ್ತಾರೆ ಎಂದುಕೊಳ್ಳಿ. ಅವರು ಜೋಳದ ರೊಟ್ಟಿಯನ್ನೂ ತಿನ್ನುತ್ತಾರೆ, ಹೊಲಕ್ಕೂ ನಡೆದು ಹೋಗುತ್ತಾರೆ. ಆಯಸ್ಸು ಕೊಟ್ಟದ್ದು ಯಾವುದು? ಅಜ್ಜನ ಜೊತೆ ಅದೇ ಮೊಸರು ತಿಂದ ಎಷ್ಟೋ ಓರಗೆಯವರು ಅರವತ್ತಕ್ಕೇ ಹೋಗಿರುತ್ತಾರೆ, ಅವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹುಟ್ಟಿದ ದಿನದ ದಾಖಲೆ ಇಲ್ಲದ ಹಳ್ಳಿಯಲ್ಲಿ ವಯಸ್ಸೂ ಅಂದಾಜೇ. ಬಲ್ಗೇರಿಯಾದ ಕಥೆಗೂ ಇದೇ ಪ್ರಶ್ನೆಗಳು ಅನ್ವಯಿಸುತ್ತವೆ.

1920ರ ಹೊತ್ತಿಗೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಲಿಯೋ ರೆಟ್ಗರ್ ಮತ್ತು ಸಂಗಡಿಗರು, ಆ ಬ್ಯಾಕ್ಟೀರಿಯಾ ಮನುಷ್ಯನ ಕರುಳಿನಲ್ಲಿ ನೆಲೆ ನಿಲ್ಲುವುದಿಲ್ಲ ಎಂದು ತೋರಿಸಿದರು. ದೊಡ್ಡ ಕರುಳು ಬೇಡದ ಅಂಗ ಎಂಬ ಮೆಚ್ನಿಕೋವ್ ಅವರ ಮಾತೂ ತಪ್ಪಾಯಿತು. ಆ ಕಾಲದಲ್ಲಿ ಲಂಡನ್ನಿನ ಶಸ್ತ್ರವೈದ್ಯ ಆರ್ಬತ್ನಾಟ್ ಲೇನ್ ಮಲಬದ್ಧತೆಗೆ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದರು. ಪುರಾವೆ ಇಲ್ಲದ ನಂಬಿಕೆಗೆ ರೋಗಿಗಳು ತೆತ್ತ ಬೆಲೆ ಅದು.

ಮೆಚ್ನಿಕೋವ್ 1916ರ ಜುಲೈನಲ್ಲಿ, ಮೊದಲ ಮಹಾಯುದ್ಧದ ನಡುವೆ, ಹೃದಯದ ಕಾಯಿಲೆಯಿಂದ ತೀರಿಕೊಂಡರು. ಆಗ ಅವರಿಗೆ 71. ಸತ್ತ ಮೇಲೆ ತಮ್ಮ ಕರುಳನ್ನು ಚೆನ್ನಾಗಿ ಪರೀಕ್ಷಿಸಿ ನೋಡುವಂತೆ ಸಂಗಾತಿ ವೈದ್ಯರಿಗೆ ಹೇಳಿದ್ದರು. ಕೊನೆಯ ದಿನವೂ ಅವರಿಗೆ ನಂಬಿಕೆಗಿಂತ ಪುರಾವೆ ದೊಡ್ಡದಾಗಿತ್ತು. ಮೂರು ವರ್ಷದ ನಂತರ, 1919ರಲ್ಲಿ, ಅವರ ವಿಚಾರದಿಂದ ಪ್ರೇರಿತರಾದ ಐಸಾಕ್ ಕರಾಸೊ ಬಾರ್ಸಿಲೋನಾದಲ್ಲಿ ಡ್ಯಾನೋನ್ ಕಂಪನಿ ಶುರು ಮಾಡಿದರು. ಮೊದಮೊದಲು ಆ ಯೋಗರ್ಟ್ ಮಾರಾಟವಾದದ್ದು ಔಷಧಿ ಅಂಗಡಿಗಳಲ್ಲಿ. ಮೊಸರಿನ ಡಬ್ಬಿಗೆ ಔಷಧಿಯ ಗತ್ತು ಬಂದದ್ದು ಹೀಗೆ.

ಹಾಗಾದರೆ ಅಂಗಡಿಯಲ್ಲಿ ಯಾವುದನ್ನು ಕೊಳ್ಳಬೇಕು?

ಮೊಸರು ಔಷಧಿ ಅಲ್ಲದಿದ್ದರೂ ಒಳ್ಳೆಯ ಆಹಾರ. ಪ್ರೋಟೀನ್, ಕ್ಯಾಲ್ಸಿಯಂ ಇವೆ. ಹಾಲು ಅರಗದವರಿಗೂ ಮೊಸರು ಸಾಮಾನ್ಯವಾಗಿ ಅರಗುತ್ತದೆ, ಯಾಕೆಂದರೆ ಜೀವಂತ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯಲು ನೆರವಾಗುತ್ತವೆ. ಕೊಳ್ಳುವಾಗ ಇಷ್ಟು ನೋಡಿ:

1. ಡಬ್ಬಿಯ ಮುಂದಿನ ಚಿತ್ರ ಬಿಡಿ, ಹಿಂದಿನ ಪಟ್ಟಿ ಓದಿ. ಹಾಲು (ಅಥವಾ ಹಾಲಿನ ಪುಡಿ) ಮತ್ತು ಕಲ್ಚರ್, ಅಂದರೆ ಹೆಪ್ಪು, ಇಷ್ಟಿದ್ದರೆ ಸಾಕು.

2. ಆ್ಯಡೆಡ್ ಶುಗರ್ ಎಷ್ಟಿದೆ ನೋಡಿ. ಸಪ್ಪೆ ಮೊಸರಿನಲ್ಲೂ 100 ಗ್ರಾಂಗೆ ಸುಮಾರು 4-5 ಗ್ರಾಂ ಹಾಲಿನದೇ ಸಕ್ಕರೆ ಇರುತ್ತದೆ, ಅದಕ್ಕೆ ಹೆದರಬೇಡಿ. ಮೇಲೆ ಹಾಕಿದ ಸಕ್ಕರೆ ಬೇರೆ. ಅದು 10 ಗ್ರಾಂ ಇದ್ದರೆ ಎರಡೂವರೆ ಚಮಚ ಸಕ್ಕರೆ ಎಂದರ್ಥ. ಶುಗರ್ ಇರುವವರಿಗೆ, ಮಕ್ಕಳಿಗೆ ಇದು ಸಿಹಿತಿಂಡಿಯೇ.

3. ಗ್ರೀಕ್ ಯೋಗರ್ಟ್ ಹೆಸರು ಹೊಸದು, ಮಾಡುವ ರೀತಿ ನಮ್ಮಲ್ಲೂ ಹಳೆಯದು. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೇತುಹಾಕಿ ನೀರು ಬಸಿದರೆ ಬರುವ ಚಕ್ಕಾದಂಥದ್ದೇ ಅದು. ಪ್ರೋಟೀನ್ ಹೆಚ್ಚಿರುತ್ತದೆ ನಿಜ. ಸಕ್ಕರೆ ಬೆರೆಸಿದರೆ ಅದೂ ಶ್ರೀಖಂಡದ ನೆಂಟನೇ.

4. ಹೆಪ್ಪುಗಟ್ಟಿದ ಮೇಲೆ ಬಿಸಿ ಮಾಡಿದ್ದು ಎಂದು ಬರೆದಿದ್ದರೆ ಅದರಲ್ಲಿ ಜೀವಂತ ಬ್ಯಾಕ್ಟೀರಿಯಾ ಸಿಗುವುದಿಲ್ಲ.

5. ತಾರೀಖು ನೋಡಿ. ಬೇಸಿಗೆಯಲ್ಲಿ ಉಬ್ಬಿದ ಪಾಕೆಟ್, ಫ್ರಿಜ್ ಹೊರಗಿಟ್ಟ ಡಬ್ಬಿ ಬೇಡ.

6. ಬಿಪಿ ಇರುವವರು ಪಾಕೆಟ್ ಮಸಾಲೆ ಮಜ್ಜಿಗೆಯ ಸೋಡಿಯಂ ಕೂಡ ನೋಡಬೇಕು.

ಕಾಯಿಸಿದ ಹಾಲಿಗೆ ಮನೆಯಲ್ಲೇ ಶುಚಿಯಾಗಿ ಹೆಪ್ಪು ಹಾಕಿದ ಮೊಸರು ದುಬಾರಿ ಡಬ್ಬಿಗಿಂತ ಕಡಿಮೆಯೇನಲ್ಲ. ಮೊಸರಿನಿಂದ ಶುಗರ್, ಬಿಪಿ, ಹೃದಯದ ಕಾಯಿಲೆ ವಾಸಿಯಾಗುತ್ತದೆ ಎಂದು ನಂಬಿ ಗುಳಿಗೆ ನಿಲ್ಲಿಸುವುದು ಮಾತ್ರ ಅಪಾಯ. ನೂರು ವರ್ಷದ ಆ ಸಂದೇಶ ಮತ್ತೆ ಬಂದರೆ, ಅದನ್ನು ಮುಂದೆ ಕಳಿಸುವ ಬದಲು ಈ ಲೇಖನ ಕಳಿಸಿ. ಮೆಚ್ನಿಕೋವ್ ಅವರಿಗೂ ಅದೇ ಹಿಡಿಸುತ್ತಿತ್ತು.