ಅಷ್ಟಕೋನದ ಅಂಕಿತ: ಸೆಸಿಲ್ ಕಿಂಬರನ ಬಾಳು

ಎಂ.ಜಿ. ಎಂದೊಡನೆ ಬೆಂಗಳೂರಿನವರಿಗೆ ಮಹಾತ್ಮರ ಹೆಸರಿನ ರಸ್ತೆ ನೆನಪಿಗೆ ಬರುವುದು ಸಹಜವೇ ಆಗಿದೆ. ಆದರೆ 2019ರಿಂದೀಚೆಗೆ ನಮ್ಮ ಊರುಗಳ ಬೀದಿಗಳಲ್ಲಿ ಅವೇ ಎರಡು ಅಕ್ಷರಗಳನ್ನು ಅಷ್ಟಕೋನವೊಂದರೊಳಗೆ ಧರಿಸಿದ ಕಾರುಗಳೂ ಓಡಾಡುತ್ತಿವೆ. ಅವುಗಳ ಕಾರ್ಖಾನೆ ಇರುವುದು ಗುಜರಾತಿನ ಹಾಲೋಲಿನಲ್ಲಿ. ಹೆಸರು ಚೀನದ ಶಾಂಘೈ ನಗರದ ಸಂಸ್ಥೆಯೊಂದರ ಸ್ವತ್ತು. ಅಕ್ಷರಗಳ ಮೂಲವಾದರೋ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿದ್ದ ಒಂದು ಮೋಟಾರು ಮಳಿಗೆ. ಇಷ್ಟು ದೂರ ಅಲೆದ, ನಡುವೆ ಒಂದಕ್ಕಿಂತ ಹೆಚ್ಚು ಬಾರಿ ಉಸಿರು ನಿಂತು ಮತ್ತೆ ಎಚ್ಚೆತ್ತ ಈ ಹೆಸರಿಗೆ ಮೊದಲು ಜೀವ ತುಂಬಿದವನು ಸೆಸಿಲ್ ಕಿಂಬರ್.

ನಾನು ಹಳಗನ್ನಡ ಪಾಠ ಹೇಳುವವನು. ಯಂತ್ರಶಾಸ್ತ್ರದಲ್ಲಿ ನನಗೆ ಅಧಿಕಾರವಿಲ್ಲ. ಆದರೂ ಈತನ ಬಾಳು ನನ್ನನ್ನು ಸೆಳೆದುದಕ್ಕೆ ಕಾರಣವುಂಟು. ಕರ್ತೃ ಮರೆಯಾದ ಮೇಲೆ ಅವನ ಅಂಕಿತವಿಟ್ಟು ಮತ್ತೊಬ್ಬರು ಬರೆದರೆ ಆ ಬರಹವನ್ನು ಏನೆಂದು ಕರೆಯಬೇಕು? ವಚನಗಳನ್ನೂ ದಾಸರ ಪದಗಳನ್ನೂ ಸರ್ವಜ್ಞನ ತ್ರಿಪದಿಗಳನ್ನೂ ಓದುವವರಿಗೆ ಈ ಪ್ರಶ್ನೆ ಹೊಸದಲ್ಲ. ಅದೇ ಪ್ರಶ್ನೆ ಕಬ್ಬಿಣ ಉಕ್ಕುಗಳ ಲೋಕದಲ್ಲಿ ಹೇಗೆ ತಲೆದೋರಿತೆಂಬುದನ್ನು ಈತನ ಕಥೆ ತೋರಿಸುತ್ತದೆ.

ಕಿಂಬರ್ ಲಂಡನ್ನಿನಲ್ಲಿ 1888ರ ಏಪ್ರಿಲ್ 12ರಂದು ಹುಟ್ಟಿದನು. ತಂದೆಯದು ಮುದ್ರಣದ ಮಸಿಯ ವ್ಯಾಪಾರ. ಆ ನಿಮಿತ್ತ ಸಂಸಾರ ಮ್ಯಾಂಚೆಸ್ಟರಿನ ಕಡೆಗೆ ಸಾಗಿತು. ಹುಡುಗನಿಗೆ ಮಸಿಗಿಂತ ಮೋಟಾರು ಸೈಕಲ್ಲಿನ ಮೇಲೆಯೇ ಒಲವು ಹೆಚ್ಚು. ಆ ಒಲವಿಗೆ ಆತ ತೆತ್ತ ಬೆಲೆಯೂ ದೊಡ್ಡದು. 1910ರಲ್ಲಿ ನಡೆದ ಅಪಘಾತದಲ್ಲಿ ಬಲಗಾಲು ಜಜ್ಜಿಹೋಗಿ, ಹಲವು ಶಸ್ತ್ರಚಿಕಿತ್ಸೆಗಳಾದ ಮೇಲೂ ಅದು ಮೊಟಕಾಗಿಯೇ ಉಳಿಯಿತು. ಜೀವಮಾನವೆಲ್ಲ ಆತ ಕುಂಟುತ್ತಲೇ ನಡೆದನು. ಪರಿಹಾರವಾಗಿ ಬಂದ ಹಣವನ್ನು ತಂದೆ ತನ್ನ ವ್ಯಾಪಾರಕ್ಕೆ ಕೇಳಿದನು, ಮಗ ಕೊಡಲೊಪ್ಪಲಿಲ್ಲ. ತಂದೆ ಮಕ್ಕಳ ನಡುವೆ ಅಂದು ಬಿದ್ದ ಬಿರುಕು ಮತ್ತೆ ಕೂಡಲಿಲ್ಲ. ಕಾಲು ಕೆಟ್ಟವನು ಮೋಟಾರು ಸೈಕಲ್ ಬಿಟ್ಟು ಕಾರಿನ ಕಡೆಗೆ ತಿರುಗಿದನು. ಆ ಹಣದಲ್ಲಿಯೇ ಒಂದು ಸಿಂಗರ್ ಕಾರನ್ನು ಕೊಂಡನು.

ಮುಂದಿನ ಕೆಲವು ವರ್ಷಗಳು ಅಲೆದಾಟದವು. ಷೆಫೀಲ್ಡ್, ಥೇಮ್ಸ್ ಡಿಟನ್, ಬರ್ಮಿಂಗ್‌ಹ್ಯಾಮ್ ಎಂದು ಊರಿಂದೂರಿಗೆ, ಕಾರ್ಖಾನೆಯಿಂದ ಕಾರ್ಖಾನೆಗೆ ತಿರುಗಿ, ಕೂಡಿಟ್ಟ ಹಣವನ್ನು ನಡೆಯದ ಒಂದು ಮೋಟಾರು ಉದ್ಯಮದಲ್ಲಿ ಕಳೆದುಕೊಂಡನು. ಕೊನೆಗೆ 1921ರಲ್ಲಿ ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಸ್ ಎಂಬ ಮಳಿಗೆಯಲ್ಲಿ ಮಾರಾಟದ ಮುಖ್ಯಸ್ಥನಾಗಿ ಸೇರಿದನು. ಮರುವರ್ಷವೇ ಅದರ ಆಡಳಿತ ಆತನ ಕೈಗೆ ಬಂದಿತು. ಈ ಮಳಿಗೆಯ ಒಡೆಯ ವಿಲಿಯಮ್ ಮಾರಿಸ್. ಸಾಮಾನ್ಯ ಜನರಿಗೆ ಅಗ್ಗದ ಕಾರನ್ನು ಒದಗಿಸಿ ಶ್ರೀಮಂತನಾದ, ಮುಂದೆ ಲಾರ್ಡ್ ನಫೀಲ್ಡ್ ಎನಿಸಿದ ಪುರುಷ ಈತ.

ಮಾರಿಸನ ಕಾರು ಗಟ್ಟಿಯಾಗಿತ್ತು, ಅಗ್ಗವಾಗಿತ್ತು. ಆದರೆ ಅದರಲ್ಲಿ ಲಾಸ್ಯವಿರಲಿಲ್ಲ. ಕಿಂಬರನ ಪ್ರತಿಭೆ ಚಿಗುರಿದ್ದು ಈ ಕೊರತೆಯಲ್ಲಿ. ಆತ ಹೊಸ ಎಂಜಿನ್ನನ್ನು ಕಂಡುಹಿಡಿಯಲಿಲ್ಲ. ಮಾರಿಸನ ಚಾಸಿಯನ್ನೇ ತೆಗೆದುಕೊಂಡು, ಸ್ಪ್ರಿಂಗುಗಳನ್ನು ತಗ್ಗಿಸಿ, ಮೇಲೆ ಹಗುರವಾದ ಚೆಲುವಾದ ಒಡಲನ್ನು ಕೂಡಿಸಿ, ಅದು ಓಡುವ ರೀತಿಯನ್ನೇ ಬದಲಿಸಿದನು. ಮಳಿಗೆಯ ಹೆಸರಿನ ಮೊದಲಕ್ಷರಗಳೇ ಎಂ.ಜಿ. ಆದುವು, ಅವುಗಳನ್ನು ಸುತ್ತುವರಿದ ಅಷ್ಟಕೋನ 1924ರಲ್ಲಿ ವ್ಯಾಪಾರಮುದ್ರೆಯಾಗಿ ನೋಂದಾಯಿತವಾಯಿತು. 1925ರ ಈಸ್ಟರ್ ವೇಳೆಯಲ್ಲಿ ಆತ ತಾನೇ ಕಟ್ಟಿಸಿದ ಎರಡು ಆಸನಗಳ ಕಾರನ್ನು ತಾನೇ ನಡೆಸಿ, ಲ್ಯಾಂಡ್ಸ್ ಎಂಡ್ ಪರೀಕ್ಷಾ ಓಟದಲ್ಲಿ ಚಿನ್ನದ ಪದಕ ಪಡೆದನು. ನಡೆಯುವಾಗ ಕುಂಟುತ್ತಿದ್ದವನು ಚಕ್ರದ ಹಿಂದೆ ಕುಳಿತರೆ ಯಾರಿಗೂ ಕಡಿಮೆಯವನಾಗಿರಲಿಲ್ಲ.

ಆತನ ನಿಜವಾದ ಸಾಧನೆ ಕಂಡುದು 1928ರಲ್ಲಿ. ಮಾರಿಸ್ ಮೈನರ್ ಎಂಬ ಪುಟ್ಟ ಕಾರಿನ 847 ಸಿ.ಸಿ. ಎಂಜಿನ್ನನ್ನು ಆಧರಿಸಿ ಕಿಂಬರ್ ಮಿಜೆಟ್ ಎಂಬ ಸ್ಪೋರ್ಟ್ಸ್ ಕಾರನ್ನು ಹೊರತಂದನು. ಬೆಲೆ 175 ಪೌಂಡು. ಅಲ್ಲಿಯವರೆಗೆ ವೇಗದ ಸಂತೋಷ ಸಿರಿವಂತರ ಸೊತ್ತಾಗಿತ್ತು. ಮಿಜೆಟ್ ಅದನ್ನು ಸಂಬಳದ ಮೇಲೆ ಬದುಕುವ ತರುಣನ ಕೈಗೂ ಎಟುಕಿಸಿತು. ಮರುವರ್ಷ ಕಾರ್ಖಾನೆ ಆಕ್ಸ್‌ಫರ್ಡಿನ ಸಮೀಪದ ಆಬಿಂಗ್ಡನ್ ಎಂಬ ಊರಿಗೆ, ಹಿಂದೆ ಚರ್ಮದ ಕೆಲಸ ನಡೆಯುತ್ತಿದ್ದ ಕಟ್ಟಡಕ್ಕೆ ಬಂದಿತು. 1931ರಲ್ಲಿ ಜಾರ್ಜ್ ಐಸ್ಟನ್ ಎಂಬ ಸಾಹಸಿ 750 ಸಿ.ಸಿ. ಮಿತಿಯೊಳಗಿನ ಎಂ.ಜಿ.ಯಲ್ಲಿ ಗಂಟೆಗೆ 100 ಮೈಲಿ ಮೀರಿ ಓಡಿಸಿದನು. ಅಷ್ಟು ಚಿಕ್ಕ ಎಂಜಿನ್ನಿಗೆ ಅದು ಜಗತ್ತಿನಲ್ಲೇ ಮೊದಲು. 1933ರಲ್ಲಿ ಇಟಲಿಯ ಮಿಲ್ಲೆ ಮಿಲ್ಯಾ ಓಟದ ತಂಡದ ಬಹುಮಾನ ಎಂ.ಜಿ.ಗೆ ಬಂದಿತು, ಅದೇ ವರ್ಷ ಇಟಲಿಯ ಮಹಾಚಾಲಕ ನುವೊಲಾರಿ ಅದರಲ್ಲಿ ಕುಳಿತು ಅಲ್‌ಸ್ಟರಿನ ಟೂರಿಸ್ಟ್ ಟ್ರೋಫಿಯನ್ನು ಗೆದ್ದನು.

ಆದರೆ ವಾಚಕರು ಒಂದು ಸಂಗತಿಯನ್ನು ಮರೆಯಬಾರದು. ಕಾರು ಕಿಂಬರನ ಮನಸ್ಸಿನ ಕೂಸು. ಹೆಸರು ಮಾತ್ರ ಆತನದಲ್ಲ. 1935ರಲ್ಲಿ ಒಡೆಯ ತನ್ನ ಸ್ವಂತದ ಎಂ.ಜಿ.ಯನ್ನು ತನ್ನದೇ ದೊಡ್ಡ ಕಂಪೆನಿಗೆ ಮಾರಿದನು. ಪಂದ್ಯದ ವಿಭಾಗ ಮುಚ್ಚಿತು. ನಿರ್ಧಾರಗಳು ಬೇರೆಡೆಯಲ್ಲಿ ನಡೆಯತೊಡಗಿದುವು. 1941ರಲ್ಲಿ, ಮಹಾಯುದ್ಧದ ನಡುವೆ, ಕೆಲಸವಿಲ್ಲದೆ ಕುಳಿತ ಕಾರ್ಖಾನೆಗೆ ವಿಮಾನದ ಭಾಗಗಳನ್ನು ತಯಾರಿಸುವ ಗುತ್ತಿಗೆಯನ್ನು ಕಿಂಬರ್ ಮೇಲಿನವರ ಒಪ್ಪಿಗೆ ಕಾಯದೆ ತಂದನು. ಅದೇ ನೆವವಾಗಿ ಇಪ್ಪತ್ತು ವರ್ಷ ಬೆಳೆಸಿದ ಸಂಸ್ಥೆಯಿಂದ ಆತನನ್ನು ಹೊರಗೆ ಕಳುಹಿಸಿದರು.

ಮೂರು ವರ್ಷಗಳ ಮೇಲೆ ಕೆಲವು ತಿಂಗಳು ಕಳೆದಿದ್ದುವು. 1945ರ ಫೆಬ್ರವರಿ 4ರ ಸಂಜೆ ಆತ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ ರೈಲು ಹತ್ತಿದನು. ಸುರಂಗದ ಏರಿನಲ್ಲಿ ಎಂಜಿನ್ನಿನ ಚಕ್ರಗಳು ಹಿಡಿತ ತಪ್ಪಿ ತಿರುಗಿ, ರೈಲು ನಿಧಾನವಾಗಿ ಹಿಂದಕ್ಕೆ ಜಾರಿತು. ಕೊನೆಯ ಗಾಡಿ ಹಳಿ ತಪ್ಪಿ ಸಿಗ್ನಲ್ಲಿನ ಕಮಾನಿಗೆ ಬಡಿಯಿತು. ಸತ್ತವರು ಇಬ್ಬರು, ಅವರಲ್ಲಿ ಕಿಂಬರ್ ಒಬ್ಬ. ವಯಸ್ಸು ಐವತ್ತಾರು. ವೇಗವನ್ನೇ ಪ್ರೀತಿಸಿದವನ ಸಾವು, ನಡೆಯುವವನ ವೇಗದಲ್ಲಿ ಹಿಂದೆ ಸರಿದ ರೈಲಿನಲ್ಲಿ ಬಂದಿತು.

ಕರ್ತೃ ಹೋದನು; ಅಂಕಿತ ಉಳಿಯಿತು. ಆತ ಕಾಣದೆ ಹೋದ ಟಿ.ಸಿ. ಎಂಬ ಕಾರು ಅದೇ ವರ್ಷ ಹೊರಬಂದು, 1949ರ ವೇಳೆಗೆ ಹತ್ತು ಸಾವಿರ ತಯಾರಾಗಿ, ಸಮುದ್ರದಾಚೆಯ ಅಮೆರಿಕದಲ್ಲಿಯೂ ಮನೆಮಾತಾಯಿತು. 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಐದು ಲಕ್ಷವನ್ನು ಮೀರಿತು. ಆದರೂ 1980ರ ಅಕ್ಟೋಬರಿನಲ್ಲಿ ಆಬಿಂಗ್ಡನ್ನಿನ ಬಾಗಿಲು ಮುಚ್ಚಿತು. 1982ರಿಂದ ಮನೆಬಳಕೆಯ ಮೆಟ್ರೋ ಮೊದಲಾದ ಕಾರುಗಳಿಗೆ ಅಷ್ಟಕೋನವನ್ನು ಅಂಟಿಸಿದರು, 1995ರಲ್ಲಿ ಎಂ.ಜಿ.ಎಫ್. ಎಂಬ ನಿಜವಾದ ಎರಡಾಸನದ ಕಾರು ಬಂದಿತು. 2005ರ ಏಪ್ರಿಲ್‌ನಲ್ಲಿ ಸಂಸ್ಥೆಯೇ ದಿವಾಳಿಯಾಯಿತು. ಅದನ್ನು ಚೀನದ ನಾನ್‌ಜಿಂಗ್ ಕಂಪೆನಿ ಕೊಂಡಿತು. ಆ ಕಂಪೆನಿ 2007ರಲ್ಲಿ ಶಾಂಘೈ ಸಂಸ್ಥೆಯೊಡನೆ ಬೆರೆಯಿತು. ಇಂಗ್ಲೆಂಡಿನ ಲಾಂಗ್‌ಬ್ರಿಜ್‌ನಲ್ಲಿ ಜೋಡಣೆ 2008ರಲ್ಲಿ ಮತ್ತೆ ತೊಡಗಿ 2016ರಲ್ಲಿ ನಿಂತಿತು. 2024ರಲ್ಲಿ ಸೈಬರ್‌ಸ್ಟರ್ ಎಂಬ ವಿದ್ಯುತ್ ಚಾಲಿತ, ತೆರೆದ ಮಾಡಿನ, ಎರಡಾಸನದ ಕಾರು ಇಂಗ್ಲೆಂಡಿನ ಪೇಟೆಗೆ ಬಂದಿತು.

ಇದು ಪುನರುಜ್ಜೀವನವೋ, ಪ್ರಕ್ಷಿಪ್ತವೋ? ಹಳೆಯ ಅಭಿಮಾನಿಗಳಲ್ಲಿ ಹಲವರು ಇದನ್ನು ಎಂ.ಜಿ. ಎಂದೇ ಒಪ್ಪುವುದಿಲ್ಲ. ನನಗೆ ಆ ಕಟ್ಟುನಿಟ್ಟು ಅಷ್ಟು ಸರಿತೋರದು. ಪರರ ಚಾಸಿಗೆ ತನ್ನ ಮುದ್ರೆಯನ್ನು ಒತ್ತಿದವರಲ್ಲಿ ಕಿಂಬರನೇ ಮೊದಲಿಗನಲ್ಲವೆ? ಎಲ್ಲಿ ತಯಾರಾಯಿತು, ಒಡೆಯ ಯಾರು ಎಂಬುವು ಆತನ ಕಾಲದಲ್ಲಿಯೂ ಮುಖ್ಯವಾಗಿರಲಿಲ್ಲ. ಆಗಿದ್ದರೆ ಈ ಕೀರ್ತಿಯೆಲ್ಲ ಮಾರಿಸನಿಗೇ ಸಲ್ಲಬೇಕಾಗುತ್ತಿತ್ತು. ಒಂದು ವಚನ ಬಸವಣ್ಣನವರದು ಹೌದೋ ಅಲ್ಲವೋ ಎಂದು ನಿರ್ಣಯಿಸುವಾಗ ನಾವು ಕೊನೆಯ ಅಂಕಿತವೊಂದನ್ನೇ ನೋಡಿ ಸುಮ್ಮನಾಗುವುದಿಲ್ಲ. ಒಳಗಿನ ನುಡಿಯ ನಡಿಗೆಯನ್ನು ನೋಡುತ್ತೇವೆ. ಇಲ್ಲಿಯೂ ಆ ಪರೀಕ್ಷೆಯೇ ಸಲ್ಲುವುದು. ಕಿಂಬರನ ನಡಿಗೆಯಲ್ಲಿ ಎರಡು ಗುಣಗಳಿದ್ದುವು: ಓಡಿಸುವವನ ಸಂತೋಷ, ಸಾಮಾನ್ಯನ ಕೈಗೆಟುಕುವ ಬೆಲೆ. ಸೈಬರ್‌ಸ್ಟರ್ ಮೊದಲನೆಯದನ್ನು ಅರಸಿದೆ. ಆದರೆ ಇಂಗ್ಲೆಂಡಿನಲ್ಲಿ ಅದರ ಬೆಲೆ ಸುಮಾರು 55,000 ಪೌಂಡಿನಿಂದ ಮೊದಲಾಯಿತು. ಹೆಸರಿಗೆ ಮರುಜೀವ ಬಂದಿದೆ ಎಂದು ನಾನು ಒಪ್ಪುತ್ತೇನೆ. ತಿಂಗಳ ಸಂಬಳವನ್ನೆಣಿಸುವ ತರುಣನೊಬ್ಬನಿಗೆ 175 ಪೌಂಡಿನ ಮಿಜೆಟ್ ಕೊಟ್ಟ ಸಂತೋಷವನ್ನು ಯಾರಾದರೂ ಮತ್ತೆ ಕೊಟ್ಟ ದಿನವೇ ಕಿಂಬರನ ಕೆಲಸಕ್ಕೆ ಮರುಜೀವ ಬಂದೀತು.